ಇನ್ನೊಂದು ಕಾಪಿ ಸಿಗುತ್ತಾ?

ಮುಹೂರ್ತಕ್ಕೆ ಇನ್ನೆರಡೇ ನಿಮಿಷ. ಛತ್ರದ ತುಂಬ ಅಕ್ಷತೆ ಹಂಚಿಯಾಗಿದೆ. ವಾಲಗದವರು ಪುರೋಹಿತರ ಕೈಯನ್ನೇ ನೋಡುತ್ತಿದ್ದಾರೆ. ‘ಗಟ್ಟಿಮೇಳ, ಗಟ್ಟಿಮೇಳ’ ಎಂಬ ಕೂಗು ಎದ್ದದ್ದೇ ತಡ, ಊಟದ ಮನೆಯ ಬಾಗಿಲಲ್ಲಿ ನಿಂತವರೂ ಕತ್ತು ಉದ್ದ ಮಾಡಿ ಅಕ್ಕಿಕಾಳು ಎಸೆಯುತ್ತಾರೆ. ಅಷ್ಟು ದೊಡ್ಡ ಛತ್ರದಲ್ಲಿ ಅಕ್ಷತೆ ಹಾಕದೆ ನಿಂತವನು ಒಬ್ಬನೇ. ಅವನ ಎರಡೂ ಕೈ ಕ್ಯಾಮೆರಾದ ಮೇಲಿವೆ. ಬೇರೆಯವರು ಎಸೆದ ಅಕ್ಷತೆಯೆಲ್ಲ ಅವನ ತಲೆಗೂದಲಲ್ಲಿ.

ಮೂರು ಗಂಟು ಬೀಳುವಷ್ಟು ಹೊತ್ತು ಅವನಿಗಿರುವ ಸಮಯ. ಅಷ್ಟರೊಳಗೆ ಮದುಮಗನ ಬೆರಳು ಕಾಣಬೇಕು, ಮದುಮಗಳ ಮುಖ ಕಾಣಬೇಕು, ಅಡ್ಡ ಬರುವ ಸೋದರತ್ತೆಯ ಭುಜ ಕಾಣಬಾರದು. ತಪ್ಪಿದರೆ ‘ಇನ್ನೊಂದ್ಸಲ ಕಟ್ಟಿ’ ಅನ್ನುವ ಹಾಗಿಲ್ಲ.

ಊಟದ ಪಂಕ್ತಿಯಲ್ಲಿ ಕೊನೆಗೆ ಕೂತ ಅವನನ್ನು ‘ಇದನ್ನೆಲ್ಲಿ ಕಲಿತ್ರಿ?’ ಎಂದು ಕೇಳಿ ನೋಡಿ. ಕಾಲೇಜು, ಕೋರ್ಸು, ಡಿಪ್ಲೊಮಾ ಎಂಬ ಉತ್ತರ ಅಪರೂಪ. ‘ನಾನು ಚಿಕ್ಕವನಿದ್ದಾಗ ನಮ್ಮ ಮಾವನ ಹತ್ತಿರ ಒಂದು ಕ್ಯಾಮೆರಾ ಇತ್ತು ಸಾರ್’ ಎಂದೇ ಮಾತು ಶುರುವಾಗುತ್ತದೆ. ಮಾವನ ಜಾಗದಲ್ಲಿ ಅಣ್ಣ, ಪಕ್ಕದ ಮನೆಯ ಮೇಷ್ಟ್ರು, ದುಬೈಯಿಂದ ಬಂದ ಚಿಕ್ಕಪ್ಪ, ಹೀಗೆ ಜನ ಬದಲಾಗಬಹುದು. ಆ ಕ್ಯಾಮೆರಾ ಮಾತ್ರ ಇದ್ದೇ ಇರುತ್ತದೆ.

ನಮ್ಮಲ್ಲಿ ಹುಡುಗಾಟದ ಗೀಳೇ ಮುಂದೆ ಹೊಟ್ಟೆಪಾಡಾದ ಕಸುಬುಗಳು ಹೆಚ್ಚಿಲ್ಲ. ಕ್ರಿಕೆಟ್ ಆಡಿದ ಹುಡುಗರೆಲ್ಲ ಕ್ರಿಕೆಟಿಗರಾಗಲಿಲ್ಲ, ಅಂಚೆಚೀಟಿ ಅಂಟಿಸಿದವರಿಗೆ ಅದು ಅನ್ನ ಕೊಡಲಿಲ್ಲ. ಫೋಟೊ ಮಾತ್ರ ಕೊಟ್ಟಿತು, ಅದೂ ಊರೂರಲ್ಲಿ. ಆ ಗೀಳು ಕಸುಬಾದದ್ದು ಹೇಗೆ?

ಹನ್ನೆರಡೇ ಅವಕಾಶ

1960–70ರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳ ಗೋದ್ರೆಜ್ ಬೀರುವಿನೊಳಗೆ, ರೇಷ್ಮೆ ಸೀರೆಗಳ ಪಕ್ಕದಲ್ಲಿ ಒಂದು ಕಪ್ಪು ಡಬ್ಬಿ ಇರುತ್ತಿತ್ತು. ಅದೇ ಆಗ್ಫಾ ಕ್ಲಿಕ್ 3. ಹೆಸರು ಜರ್ಮನಿಯದ್ದು, ತಯಾರಾಗುತ್ತಿದ್ದದ್ದು ಗುಜರಾತಿನ ಬರೋಡಾದಲ್ಲಿ. ವಿದೇಶಿ ಕ್ಯಾಮೆರಾ ತರಿಸುವುದು ಲೈಸೆನ್ಸು, ಸುಂಕಗಳ ತಲೆನೋವಾಗಿದ್ದ ಕಾಲದಲ್ಲಿ ಭಾರತದ ಒಂದು ಇಡೀ ತಲೆಮಾರು ಫೋಟೊ ತೆಗೆಯಲು ಕಲಿತದ್ದು ಈ ಡಬ್ಬಿಯಲ್ಲಿ.

ಅದರಲ್ಲಿ ಮಾಡಲು ಹೆಚ್ಚೇನೂ ಇರಲಿಲ್ಲ. ಮೋಡವಿದ್ದರೆ ಒಂದು ಗುರುತು, ಬಿಸಿಲಿದ್ದರೆ ಇನ್ನೊಂದು. ಎದುರಿನವರು ಹತ್ತು ಅಡಿ ದೂರ ನಿಲ್ಲಬೇಕು. ಒಂದು ರೋಲಿಗೆ 12 ಚಿತ್ರ. ಒಂದು ತೆಗೆದ ಮೇಲೆ ಗುಂಡಿ ತಿರುಗಿಸುತ್ತ, ಕ್ಯಾಮೆರಾದ ಬೆನ್ನಿನ ಕೆಂಪು ಕಿಟಕಿಯಲ್ಲಿ ಮುಂದಿನ ಅಂಕಿ ಬರುವವರೆಗೆ ಕಾಯಬೇಕು. ತಿರುಗಿಸಲು ಮರೆತರೆ ಕ್ಯಾಮೆರಾ ನೆನಪಿಸುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಅದೇ ಫಿಲ್ಮಿನ ಮೇಲೆ ಎರಡನೇ ಚಿತ್ರವನ್ನೂ ಒತ್ತಿಬಿಡುತ್ತಿತ್ತು.

ಹಾಗೆ ಒತ್ತಿದ ಒಂದು ಚಿತ್ರ ನಮ್ಮ ಮನೆಯಲ್ಲಿ ಈಗಲೂ ಇದೆ. ಊರ ತೇರಿನ ನಟ್ಟನಡುವೆ ನಮ್ಮಜ್ಜಿ ಮೊರ ಹಿಡಿದು ಕೂತಿದ್ದಾಳೆ. ತೆಗೆದವನು ನಾನು, ಆಗ ನನಗೆ ಹನ್ನೊಂದು ವರ್ಷ. ‘ದೇವರ ಪಕ್ಕ ಕೂರಿಸಿದ್ಯಲ್ಲೋ’ ಎಂದು ಅಜ್ಜಿ ಖುಷಿಪಟ್ಟಳು. ರೋಲಿಗೆ ದುಡ್ಡು ಕೊಟ್ಟಿದ್ದ ಅಪ್ಪ ಪಡಲಿಲ್ಲ.

ಮಕ್ಕಳ ಕೈಗೆ ಕ್ಯಾಮೆರಾ ಕೊಡಬಹುದು ಎಂಬ ಯೋಚನೆ ಅಮೆರಿಕದ್ದು. 1900ರಲ್ಲಿ ಕೊಡಾಕ್ ಕಂಪನಿ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರುಕಟ್ಟೆಗೆ ಬಿಟ್ಟಿತು. ಜಾಹೀರಾತುಗಳು ನೇರವಾಗಿ ಮಕ್ಕಳನ್ನೇ ಉದ್ದೇಶಿಸಿದ್ದವು. ಕೊಡಾಕ್‌ನ ಲೆಕ್ಕಾಚಾರ ಸರಳ: ಕ್ಯಾಮೆರಾವನ್ನು ಒಂದೇ ಸಲ ಕೊಳ್ಳುತ್ತಾರೆ, ಫಿಲ್ಮನ್ನು ಜೀವನವಿಡೀ ಕೊಳ್ಳುತ್ತಾರೆ. 1916ರಲ್ಲಿ ಇಂಥದೊಂದು ಬ್ರೌನಿ ಹಿಡಿದು ಯೊಸೆಮಿಟಿ ಕಣಿವೆಗೆ ಹೋದ ಹದಿನಾಲ್ಕರ ಹುಡುಗನೇ ಆನ್ಸೆಲ್ ಆಡಮ್ಸ್. ಆತ ಪಿಯಾನೊ ವಾದಕನಾಗಬೇಕೆಂದು ಹೊರಟಿದ್ದವನು. ಆಮೇಲೆ ಜಗತ್ತಿಗೆ ಗೊತ್ತಾದದ್ದು ಆ ಬೆಟ್ಟಗಳ ಕಪ್ಪುಬಿಳುಪು ಚಿತ್ರಗಳಿಂದ.

ಹನ್ನೆರಡೇ ಚಿತ್ರ ಎಂಬ ಬಡತನ ಹುಡುಗರಿಗೆ ಒಂದು ಚಾಳಿ ಕಲಿಸಿತು. ಒತ್ತುವ ಮುಂಚೆ ನೋಡುವುದು. ನಾಯಿಮರಿಗೊಂದು, ತಂಗಿಗೊಂದು, ಹೊಳೆಗೊಂದು ಎಂದು ಮನಸ್ಸಿನಲ್ಲೇ ಹಂಚಿಟ್ಟುಕೊಂಡು, ಹನ್ನೆರಡನೆಯದನ್ನು ವಾರಗಟ್ಟಲೆ ಉಳಿಸಿಕೊಂಡು ಓಡಾಡಿದವರಿದ್ದಾರೆ. ಆ ಕೊನೆಯದಕ್ಕೆ ತಕ್ಕ ವಸ್ತು ಸಿಗದೆ ಫಿಲ್ಮೇ ಹಾಳಾದದ್ದೂ ಉಂಟು.

ಕೆಂಪು ದೀಪದ ಕೋಣೆ

ಗೀಳು ಹತ್ತಿದ ಹುಡುಗನಿಗೆ ಮುಂದಿನ ಮೆಟ್ಟಿಲು ಊರಿನ ಸ್ಟುಡಿಯೊ. ಬಸ್‌ಸ್ಟ್ಯಾಂಡಿನ ಎದುರೋ ಕೋರ್ಟಿನ ಪಕ್ಕದಲ್ಲೋ ಮಾಳಿಗೆಯ ಮೇಲೆ ಅದು ಇರುತ್ತಿತ್ತು. ರೋಲು ತೊಳೆಸಲು ಹೋದವನು ಅಲ್ಲೇ ನಿಲ್ಲುತ್ತಿದ್ದ. ದಿನಾ ಶಾಲೆ ಬಿಟ್ಟ ಮೇಲೆ ಬಂದು ನಿಲ್ಲುತ್ತಿದ್ದ. ಕೊನೆಗೊಂದು ದಿನ ಸ್ಟುಡಿಯೊದವರು ‘ಸುಮ್ನೆ ಯಾಕ್ ನಿಂತಿದ್ದೀಯ, ಆ ಬಕೀಟಲ್ಲಿ ನೀರು ತಗೊಂಬಾ’ ಎನ್ನುತ್ತಿದ್ದರು. ಶಿಷ್ಯವೃತ್ತಿ ಆರಂಭವಾದದ್ದು ಹಾಗೆ.

ನೀರು ಹೊತ್ತವನಿಗೆ ಡಾರ್ಕ್ ರೂಮಿನ ಬಾಗಿಲು ತೆರೆಯುತ್ತಿತ್ತು. ಒಳಗೆ ಕೆಂಪು ಬಲ್ಬು, ಹುಳಿ ವಾಸನೆ, ಸಾಲಾಗಿ ಮೂರು ಟ್ರೇ. ಫೋಟೊ ಕಾಗದದ ಮೇಲೆ ಬೆಳ್ಳಿಯ ಲವಣಗಳ ತೆಳುವಾದ ಲೇಪನವಿರುತ್ತದೆ. ಬೆಳಕು ಬಿದ್ದ ಕಡೆ ಅದು ಒಳಗೊಳಗೇ ಬದಲಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಕೆಂಪು ಬೆಳಕು ಮಾತ್ರ ಕಪ್ಪುಬಿಳುಪು ಕಾಗದಕ್ಕೆ ತಟ್ಟುವುದಿಲ್ಲ. ಆ ಬಲ್ಬಿನ ಗುಟ್ಟು ಇಷ್ಟೇ.

ನೆಗೆಟಿವ್‌ನ ಚಿತ್ರವನ್ನು ಹಿಗ್ಗಿಸಿ ಬೀಳಿಸುವ ಎನ್‌ಲಾರ್ಜರ್ ಕೆಳಗೆ ಕೆಲವು ಸೆಕೆಂಡು ಬೆಳಕುಂಡ ಬಿಳಿ ಕಾಗದವನ್ನು ಮೊದಲ ಟ್ರೇಗೆ ಇಳಿಸಿ ಅಲುಗಾಡಿಸುತ್ತಾರೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ನೀರಿನಡಿಯಿಂದ ಏಳುವಂತೆ ಮೊದಲು ಕೂದಲು, ಹಿಂದೆಯೇ ಹುಬ್ಬು, ಕಣ್ಣಗುಡ್ಡೆ, ಸೀರೆಯ ಗಾಢ ಅಂಚು ಬರುತ್ತವೆ. ಕೆನ್ನೆ, ಹಣೆ ಕೊನೆಗೆ. ಎರಡನೇ ಟ್ರೇಯ ಹುಳಿ ನೀರು ಆ ಕ್ರಿಯೆಯನ್ನು ಅಲ್ಲಿಗೇ ನಿಲ್ಲಿಸುತ್ತದೆ. ಮೂರನೆಯದು ‘ಹೈಪೊ’. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ಅದು ಕರಗಿಸಿ ತೆಗೆದುಬಿಡುತ್ತದೆ. ತೆಗೆಯದಿದ್ದರೆ ಹೊರಗೆ ತಂದ ಮೇಲೆ ಮುಖವೆಲ್ಲ ಕಪ್ಪಾಗುತ್ತ ಹೋಗುತ್ತಿತ್ತು. ಆಮೇಲೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ದಾರಕ್ಕೆ ಕ್ಲಿಪ್ಪು ಹಾಕಿ ಒಣಗಿಸುವುದು. ಹೈಪೊ ಸರಿಯಾಗಿ ತೊಳೆಯದ ಫೋಟೊ ಹತ್ತಿಪ್ಪತ್ತು ವರ್ಷಕ್ಕೆ ಹಳದಿ ತಿರುಗುತ್ತದೆ. ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಕೆಲವು ಹಳದಿಯಾಗಿ ಕೆಲವು ಹಾಗೇ ಉಳಿದಿದ್ದರೆ, ಯಾವ ದಿನ ಸ್ಟುಡಿಯೊ ನಲ್ಲಿಯಲ್ಲಿ ನೀರು ಬಂದಿರಲಿಲ್ಲವೆಂದು ಊಹಿಸಬಹುದು.

ಈ ಕೋಣೆಗೆ ಬೇಕಾದ ಕಪ್ಪುಬಿಳುಪು ಫಿಲ್ಮು, ಕಾಗದಗಳನ್ನು ನಮ್ಮ ನೆರೆಯ ಊಟಿಯಲ್ಲೇ ಮಾಡುತ್ತಿದ್ದರು. 1960ರಲ್ಲಿ ಕೇಂದ್ರ ಸರ್ಕಾರ ಅಲ್ಲಿ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಕಂಪನಿ ಸ್ಥಾಪಿಸಿತು. ಅದರ ಮಾಲಿಗೆ ‘ಇಂದು’ ಎಂಬ ಚೆಂದದ ಹೆಸರಿತ್ತು. ಸ್ಟುಡಿಯೊಗಳ ಕಪಾಟಿನಲ್ಲಿ ಆ ಪೊಟ್ಟಣಗಳನ್ನು ಕಂಡವರು ಇನ್ನೂ ಇದ್ದಾರೆ. ಕಾರ್ಖಾನೆ ಉಳಿಯಲಿಲ್ಲ.

ಡಾರ್ಕ್ ರೂಮಿನಲ್ಲಿ ಹುಡುಗ ಕಲಿತ ಇನ್ನೊಂದು ವಿದ್ಯೆ ‘ಟಚಿಂಗ್’. ನೆಗೆಟಿವ್‌ನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಮೇಲಿನ ಸುಕ್ಕು, ಸಿಡುಬಿನ ಕಲೆ ಅಲ್ಲಿ ತಿಳಿಯಾಗಿ ಕಾಣುತ್ತವೆ. ಆ ತಿಳಿಯಾದ ಜಾಗಕ್ಕೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಚುಕ್ಕಿ ಇಟ್ಟರೆ ಪ್ರಿಂಟಿನಲ್ಲಿ ಕಲೆ ಮಾಯ. ಹೆಣ್ಣು ತೋರಿಸುವ ಫೋಟೊಗಳೆಲ್ಲ ಈ ಪೆನ್ಸಿಲ್ಲಿನ ಋಣದಲ್ಲಿದ್ದವು. ಇವತ್ತಿನ ‘ಬ್ಯೂಟಿ ಫಿಲ್ಟರ್’ ಕಂಡು ಮೂಗು ಮುರಿಯುವ ಹಿರಿಯರು ತಮ್ಮದೇ ಮದುವೆಯ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಕಾಪಿ ಕೇಳಿದ ದಿನ

ಇಷ್ಟರಲ್ಲಿ ಹುಡುಗನ ಕೈ ಪಳಗಿದೆ, ಆದರೆ ಅವನಿನ್ನೂ ಫೋಟೊಗ್ರಾಫರ್ ಅಲ್ಲ. ಅಪ್ಪನ ಕಣ್ಣಿನಲ್ಲಂತೂ ದುಡ್ಡು ಪೋಲು ಮಾಡುವವನು. ಗೀಳು ಕಸುಬಾಗುವ ಗಳಿಗೆ ಬರುವುದು ಬೇರೆ ಕಡೆಯಿಂದ.

ನಾಮಕರಣಕ್ಕೆ ಹೋದಾಗ ಸುಮ್ಮನೆ ತೆಗೆದ ಫೋಟೊ ಒಂದನ್ನು ಪಕ್ಕದ ಮನೆಯವರು ನೋಡುತ್ತಾರೆ. ‘ಮಗು ಚೆನ್ನಾಗಿ ಬಂದಿದೆ ಕಣೋ. ನಮಗೂ ಒಂದು ಕಾಪಿ ಸಿಗುತ್ತಾ?’ ಎಂದು ಕೇಳಿ, ಹುಡುಗ ಬೇಡವೆಂದರೂ ಅಂಗಿಯ ಜೇಬಿಗೆ ಹತ್ತು ರೂಪಾಯಿ ತುರುಕುತ್ತಾರೆ. ನಾನು ಮಾತಾಡಿಸಿದ ಫೋಟೊಗ್ರಾಫರುಗಳಲ್ಲಿ ಹೆಚ್ಚಿನವರಿಗೆ ಮೊದಲ ಕ್ಯಾಮೆರಾದ ಬೆಲೆ ಮರೆತಿತ್ತು. ಕಾಪಿಗೆ ಬಂದ ಮೊದಲ ನೋಟು ಯಾರೂ ಮರೆತಿರಲಿಲ್ಲ.

ಆವತ್ತಿನವರೆಗೆ ತನಗೆ ಚೆಂದ ಕಂಡದ್ದನ್ನು ತೆಗೆಯುತ್ತಿದ್ದವನು ಇನ್ನು ಮುಂದೆ ಬೇರೆಯವರು ತಮ್ಮನ್ನು ಹೇಗೆ ನೋಡಿಕೊಳ್ಳಲು ಬಯಸುತ್ತಾರೆ ಎಂದು ಯೋಚಿಸಬೇಕು. ಕೆಲವರಿಗೆ ಇದು ಒಗ್ಗುತ್ತದೆ. ನನಗೆ ಒಗ್ಗಲಿಲ್ಲ. ಒಬ್ಬರ ಗೃಹಪ್ರವೇಶಕ್ಕೆ ಹೋಗಿ ಹಸುವಿನ ಕಣ್ಣು, ಹೊಸ್ತಿಲ ಮೇಲಿನ ಅರಿಸಿನದ ಗೆರೆ ಎಂದು ರೋಲು ಮುಗಿಸಿ ಬಂದೆ. ಮನೆ ಯಜಮಾನರು ಒಂದರಲ್ಲೂ ಇರಲಿಲ್ಲ. ಅಲ್ಲಿಗೆ ನನ್ನ ಕಸುಬು ಮುಗಿಯಿತು, ಹವ್ಯಾಸ ಉಳಿಯಿತು.

ಮೊಗ್ಗಿನ ಜಡೆಯ ಕನ್ನಡಿ

ಕಸುಬು ಎಂದರೆ ಎಷ್ಟು ಸೂಕ್ಷ್ಮ ಎಂಬುದಕ್ಕೆ ನಮ್ಮಲ್ಲಿ ಮನೆಮನೆಯಲ್ಲೂ ಇರುವ ಒಂದು ಫೋಟೊ ಸಾಕು.

ಬೇಸಿಗೆ ರಜೆ, ಮಲ್ಲಿಗೆಯ ಕಾಲ. ಸೋದರತ್ತೆ ಮಧ್ಯಾಹ್ನ ಕೂತು ಏಳೆಂಟು ವರ್ಷದ ಹುಡುಗಿಗೆ ಮೊಗ್ಗಿನ ಜಡೆ ಹೆಣೆಯುತ್ತಾಳೆ. ಸಂಜೆಯಾದರೆ ಮೊಗ್ಗು ಬಿರಿದು ಹೆಣಿಗೆಯ ವಿನ್ಯಾಸ ಕೆಡುತ್ತದೆ. ಅದಕ್ಕೇ ಆ ಬಿಸಿಲಲ್ಲೇ, ಅಳುವ ಹುಡುಗಿಯನ್ನು ಕರೆದುಕೊಂಡು ಸ್ಟುಡಿಯೊಗೆ ಓಟ. ಈಗ ಫೋಟೊದಲ್ಲಿ ಮುಖವೂ ಬೇಕು, ಬೆನ್ನ ಮೇಲಿನ ಜಡೆಯೂ ಬೇಕು. ಹುಡುಗಿಯ ಹಿಂದೆ ಆಳೆತ್ತರದ ಕನ್ನಡಿ ಬಂದದ್ದು ಹೀಗೆ.

ನೋಡಲು ಸುಲಭ, ತೆಗೆಯಲು ಅಲ್ಲ. ಹುಡುಗಿ ಕ್ಯಾಮೆರಾದಿಂದ 8 ಅಡಿ ದೂರ ಇದ್ದಾಳೆ, ಕನ್ನಡಿ ಅವಳಿಗಿಂತ 2 ಅಡಿ ಹಿಂದೆ ಇದೆ ಎಂದಿಟ್ಟುಕೊಳ್ಳಿ. ಕನ್ನಡಿಯೊಳಗಿನ ಜಡೆ ಎಷ್ಟು ದೂರ? 10 ಅಡಿ ಎಂದು ಹೊಸಬ ಹೇಳುತ್ತಾನೆ. ಕನ್ನಡಿಯೊಳಗಿನ ಬಿಂಬ ಕನ್ನಡಿಯ ಹಿಂದೆ ಅಷ್ಟೇ ದೂರದಲ್ಲಿರುತ್ತದೆ, ಹಾಗಾಗಿ ಮಸೂರದ ಲೆಕ್ಕದಲ್ಲಿ ಜಡೆ ಇರುವುದು 12 ಅಡಿಯಲ್ಲಿ. ಮುಖಕ್ಕೆ ಫೋಕಸ್ ಇಟ್ಟರೆ ಜಡೆ ಮಂಜು, ಜಡೆಗೆ ಇಟ್ಟರೆ ಮುಖ ಮಂಜು. ಅನುಭವಸ್ಥರು ಎರಡರ ನಡುವೆ ಫೋಕಸ್ ನಿಲ್ಲಿಸಿ, ಮಸೂರದ ಕಂಡಿಯನ್ನು ಕಿರಿದು ಮಾಡುತ್ತಿದ್ದರು. ಕಂಡಿ ಕಿರಿದಾದಷ್ಟೂ ಹತ್ತಿರದ್ದೂ ದೂರದ್ದೂ ಸ್ಪಷ್ಟ, ಆದರೆ ಒಳಬರುವ ಬೆಳಕು ಕಡಿಮೆ. ಅದಕ್ಕೆ ಎರಡೂ ಕಡೆ ಕಣ್ಣು ಕುಕ್ಕುವ ದೀಪ, ‘ರೆಪ್ಪೆ ಹೊಡೀಬೇಡ ಪುಟ್ಟಿ’ ಎಂಬ ಗದರಿಕೆ. ಇಷ್ಟಾದ ಮೇಲೂ ಕನ್ನಡಿಯಲ್ಲಿ ದೀಪವೋ ಫೋಟೊಗ್ರಾಫರನ ಹೊಟ್ಟೆಯೋ ಬೀಳಬಾರದು. ಕನ್ನಡಿಯನ್ನು ಕೊಂಚ ಓರೆಯಾಗಿಸುವ ಆ ಒಂದು ಬೆರಳಿನಷ್ಟು ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆಲ್ಬಮ್ಮಿನಲ್ಲಿ ಆ ಹುಡುಗಿಯರು ಸಾಮಾನ್ಯವಾಗಿ ಸಿಟ್ಟಾಗಿರುವಂತೆ ಕಾಣುತ್ತಾರೆ. ಕಾರಣ ಈಗ ಗೊತ್ತಾಯಿತಲ್ಲ.

ಮೈಸೂರಿನ ಇಬ್ಬರು

ಕನ್ನಡಿ ಎಂದ ಕೂಡಲೇ ಮೈಸೂರಿನ ವಿ.ಕೆ. ಮೂರ್ತಿ ನೆನಪಾಗುತ್ತಾರೆ. 1923ರಲ್ಲಿ ಹುಟ್ಟಿದ ಅವರಿಗೆ ಪಿಟೀಲೂ ಬರುತ್ತಿತ್ತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದು ಮುಂಬೈಗೆ ಹೋದರು, ನಿರ್ದೇಶಕ ಗುರುದತ್‌ರ ಕ್ಯಾಮೆರಾಮನ್ ಆದರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲ ಸ್ಟುಡಿಯೊದೊಳಗೆ ಕಂಬದಂತೆ ಇಳಿಯುವ ಬೆಳಕನ್ನು ಅವರು ತಂದದ್ದು ದೊಡ್ಡ ಕನ್ನಡಿಗಳಿಂದ, ಹೊರಗಿನ ಬಿಸಿಲನ್ನೇ ಒಳಗೆ ತಿರುಗಿಸಿ. ಅದು ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. 2008ರ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಅವರದೇ ಕ್ಯಾಮೆರಾ.

ಮೂರ್ತಿ ಹುಟ್ಟಿದ ವರ್ಷವೇ, ಅದೇ ಮೈಸೂರಿನಲ್ಲಿ ಹುಟ್ಟಿದವರು ಟಿ.ಎಸ್. ಸತ್ಯನ್. ಶಾಲೆಯ ದಿನಗಳಲ್ಲೇ ಹತ್ತಿದ ಕ್ಯಾಮೆರಾ ಹುಚ್ಚು ಅವರನ್ನು ಪತ್ರಿಕೆಗೆ ಎಳೆಯಿತು. 1948ರಲ್ಲಿ ಡೆಕ್ಕನ್ ಹೆರಾಲ್ಡ್ ಶುರುವಾದಾಗ ಅದರ ಫೋಟೊಗ್ರಾಫರ್ ಆದರು, ಆಮೇಲೆ ನೌಕರಿ ಬಿಟ್ಟು ಸ್ವತಂತ್ರವಾಗಿ ದೇಶವಿಡೀ ಸುತ್ತಿದರು. ಪತ್ರಿಕೆಯಲ್ಲಿ ಫೋಟೊ ಎಂದರೆ ಹಾರ ಹಾಕುವ ಮಂತ್ರಿ ಎಂದಿದ್ದ ಕಾಲದಲ್ಲಿ ಅವರ ಕಣ್ಣು ಮಕ್ಕಳ ಮೇಲೆ, ಬೀದಿಯ ಮೇಲೆ, ಕೆಲಸ ಮಾಡುವ ಕೈಗಳ ಮೇಲೆ ಇತ್ತು. ಯುನಿಸೆಫ್‌ಗಾಗಿ ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರದರ್ಶನಗೊಂಡವು. 1977ರಲ್ಲಿ ಪದ್ಮಶ್ರೀ ಬಂತು. 2009ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ನನ್ನ ಮಟ್ಟಿಗೆ, ಹುಡುಗಾಟದ ಕುತೂಹಲವನ್ನು ಸಂಬಳಕ್ಕೆ ಮಾರದೆಯೂ ಕ್ಯಾಮೆರಾದಿಂದ ಬದುಕಬಹುದು ಎಂಬುದಕ್ಕೆ ಸತ್ಯನ್‌ಗಿಂತ ದೊಡ್ಡ ಸಾಕ್ಷಿ ನಮ್ಮಲ್ಲಿಲ್ಲ.

ಇದಕ್ಕೆ ವಿರುದ್ಧವಾಗಿ, ಕೊನೆಯವರೆಗೂ ಹವ್ಯಾಸದಲ್ಲೇ ಉಳಿದು ಕಸುಬಿನವರನ್ನು ನಾಚಿಸಿದವರೂ ಇದ್ದಾರೆ. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದರು, ಕಾಡುಪ್ರಾಣಿಗಳ ಕಪ್ಪುಬಿಳುಪು ಚಿತ್ರಗಳಿಗೆ ಹೆಸರಾಗಿದ್ದರು. ಪೂರ್ಣಚಂದ್ರ ತೇಜಸ್ವಿ ತೋಟ, ಬರವಣಿಗೆಗಳ ನಡುವೆ ಹಕ್ಕಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದರು. ಇವರಿಬ್ಬರಿಗೂ ‘ಇನ್ನೊಂದು ಕಾಪಿ’ ಕೇಳುವವರ ಹಂಗಿರಲಿಲ್ಲ. ಆ ಸ್ವಾತಂತ್ರ್ಯಕ್ಕೆ ಬೇರೆ ಆದಾಯ ಬೇಕು ಎಂಬುದನ್ನೂ ಹೇಳಿಬಿಡಬೇಕು.

ಇಷ್ಟು ಹೊತ್ತು ‘ಹುಡುಗ’ ಎಂದೇ ಬರೆದೆ, ಬೇಕೆಂದೇ. ಸ್ಟುಡಿಯೊದ ಕತ್ತಲ ಕೋಣೆಗೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳಿಸುತ್ತಿರಲಿಲ್ಲ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎನಿಸಿದ ಹೋಮಾಯ್ ವ್ಯಾರಾವಾಲಾ ಅವರ ಆರಂಭದ ಚಿತ್ರಗಳು ಅಚ್ಚಾದದ್ದೇ ಗಂಡನ ಹೆಸರಿನಲ್ಲಿ. ಡಿಜಿಟಲ್ ಬಂದು ಕತ್ತಲ ಕೋಣೆಯೇ ಹೋದ ಮೇಲೆ ಆ ಅಡ್ಡಗೋಡೆಯೂ ಹೋಯಿತು. ಈಗ ಬೆಂಗಳೂರಿನ ಮದುವೆಗಳಲ್ಲಿ ಕ್ಯಾಮೆರಾ ಹಿಡಿದ ಹೆಣ್ಣುಮಕ್ಕಳನ್ನು ಯಾರೂ ತಿರುಗಿ ನೋಡುವುದಿಲ್ಲ.

ಆಷಾಢದ ಲೆಕ್ಕ

ಕಸುಬೆಂದ ಮೇಲೆ ಅನ್ನದ ಮಾತು. ಫೋಟೊಗ್ರಾಫರನ ವರ್ಷ ಪಂಚಾಂಗದಲ್ಲಿದೆ. ಮಾಘದಿಂದ ಜ್ಯೇಷ್ಠದವರೆಗೆ ಉಸಿರಾಡಲು ಪುರುಸೊತ್ತಿಲ್ಲ, ಆಷಾಢದಲ್ಲಿ ನೊಣ ಹೊಡೆಯುವ ಕೆಲಸ. ಶ್ರಾವಣದಲ್ಲಿ ಚೇತರಿಕೆ, ಧನುರ್ಮಾಸದಲ್ಲಿ ಮತ್ತೆ ಖಾಲಿ. ಆ ಖಾಲಿ ತಿಂಗಳುಗಳಲ್ಲಿ ಬಾಕಿ ಉಳಿದ ಆಲ್ಬಮ್ಮು ಮುಗಿಸುವುದು, ಬಾಕಿ ಉಳಿದ ದುಡ್ಡು ಕೇಳುತ್ತ ತಿರುಗುವುದು.

ಖಾಲಿ ದಿನಗಳಲ್ಲಿ ಸ್ಟುಡಿಯೊ ನಡೆಸಿದ್ದು ಸರ್ಕಾರಿ ಕಾಗದಗಳು. ಹಾಲ್‌ಟಿಕೆಟ್ಟು, ಬಸ್ ಪಾಸು, ಬ್ಯಾಂಕ್ ಖಾತೆ, ವಿಮೆಗಾಗಿ ಕಿವಿಯೋಲೆ ಹಾಕಿಸಿಕೊಂಡ ಎಮ್ಮೆ, ಎಲ್ಲಕ್ಕೂ ಫೋಟೊ ಬೇಕು. ಚುನಾವಣಾ ಆಯೋಗ ಭಾವಚಿತ್ರದ ಗುರುತಿನ ಚೀಟಿ ಆರಂಭಿಸಿದ್ದು 1993ರಲ್ಲಿ. ಬದುಕಿನಲ್ಲಿ ಒಂದೇ ಫೋಟೊ, ಅದೂ ಗುರುತಿನ ಚೀಟಿಗಾಗಿ ತೆಗೆಸಿಕೊಂಡವರು ಹಳ್ಳಿಗಳಲ್ಲಿ ಎಷ್ಟೋ ಜನ. 2010ರಿಂದ ಬಂದ ಆಧಾರ್ ಫೋಟೊವನ್ನು ಸ್ಥಳದಲ್ಲೇ ತೆಗೆಯತೊಡಗಿತು, ಪಾಸ್‌ಪೋರ್ಟ್ ಸೇವಾ ಕೇಂದ್ರಗಳೂ ಹಾಗೇ ಮಾಡಿದವು. ಪಾಸ್‌ಪೋರ್ಟ್ ಸೈಜಿನ ಆದಾಯ ಸೊರಗುತ್ತ ಬಂತು.

ದೊಡ್ಡ ಪೆಟ್ಟು ಕೊಟ್ಟದ್ದು ಫಿಲ್ಮಿನ ಸಾವು. ತಮಾಷೆಯೆಂದರೆ ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ಫಿಲ್ಮು ಮಾರುವ ಕೊಡಾಕ್‌ನ ಪ್ರಯೋಗಾಲಯದಲ್ಲಿ. 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಎಂಜಿನಿಯರ್ ಮಾಡಿದ ಆ ಯಂತ್ರ ಸುಮಾರು 3.6 ಕೆ.ಜಿ. ತೂಗುತ್ತಿತ್ತು, ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಕಂಪನಿ ಅದನ್ನು ಮೂಲೆಗಿಟ್ಟಿತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಫಿಲ್ಮಿನ ಕಾಲದ ಮದುವೆಗೆ 36 ಚಿತ್ರದ ಮೂರೋ ನಾಲ್ಕೋ ರೋಲು. ವರಪೂಜೆಗೆ ಇಷ್ಟು, ಧಾರೆಗೆ ಇಷ್ಟು ಎಂದು ಎಣಿಕೆ. ನಮ್ಮದೂ ಒಂದು ತೆಗಿ ಎಂದು ಮೂರನೇ ಸಲ ಬಂದು ನಿಂತ ನೆಂಟರಿಗೆ ಬರೀ ಫ್ಲ್ಯಾಶ್ ಹೊಡೆದು ಕಳಿಸುವ ಜಾಣತನವೂ ಆ ಎಣಿಕೆಯ ಭಾಗ. ನಾನಂತೂ ಅದನ್ನು ಮೋಸ ಅನ್ನುವುದಿಲ್ಲ. ಅವರೂ ಖುಷಿ, ರೋಲೂ ಉಳಿಯಿತು. ತಾಲ್ಲೂಕುಗಳಿಗೆ ಕಲರ್ ಲ್ಯಾಬ್ ಬರುವ ಮುಂಚೆ ರೋಲುಗಳನ್ನು ಕವರಿಗೆ ಹಾಕಿ ರಾತ್ರಿ ಬಸ್ಸಿನ ಕಂಡಕ್ಟರ್ ಕೈಲಿ ಬೆಂಗಳೂರಿಗೆ ಕಳಿಸುತ್ತಿದ್ದರು. ಆ ಬಸ್ಸು ಕ್ಷೇಮವಾಗಿ ತಲುಪಲಿ ಎಂದು ಫೋಟೊಗ್ರಾಫರುಗಳಷ್ಟು ಬೇಡಿಕೊಂಡವರು ಇರಲಾರರು.

ಈಗ ಎಣಿಕೆಯಿಲ್ಲ. ಒಂದು ಮದುವೆಗೆ ಸಾವಿರಗಟ್ಟಲೆ ಚಿತ್ರ. ಒತ್ತುವುದು ಪುಕ್ಕಟೆ, ಆರಿಸುವುದೇ ದುಬಾರಿ. ಛತ್ರದಲ್ಲಿ ಎರಡು ದಿನ ನಿಂತವರು ಕಂಪ್ಯೂಟರ್ ಮುಂದೆ ಎರಡು ವಾರ ಕೂರುತ್ತಾರೆ. ಕ್ಯಾಮೆರಾ, ಲೆನ್ಸು, ಡ್ರೋನ್ ಎಂದು ಲಕ್ಷಗಟ್ಟಲೆ ಸಾಲ ಮೈಮೇಲಿರುತ್ತದೆ. ಹನ್ನೆರಡನೇ ಚಿತ್ರವನ್ನು ವಾರಗಟ್ಟಲೆ ಉಳಿಸಿಕೊಂಡವನೇ ಇವತ್ತು ಒಂದು ಸೆಕೆಂಡಿಗೆ ಹತ್ತು ಒತ್ತುತ್ತಾನೆ.

ಫೋಟೊ ಯಾರ ಸ್ವತ್ತು?

ಇಲ್ಲಿ ಹೆಚ್ಚಿನವರಿಗೆ ಅರ್ಧಂಬರ್ಧ ಗೊತ್ತಿರುವ ಒಂದು ವಿಷಯವಿದೆ. ತೆಗೆದವರದೇ ಹಕ್ಕು ಎಂದು ಫೋಟೊಗ್ರಾಫರುಗಳೂ, ಮುಖ ನಮ್ಮದು ಎಂದು ತೆಗೆಸಿಕೊಂಡವರೂ ವಾದಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಫೋಟೊದ ಮೊದಲ ಹಕ್ಕುದಾರರು ಹಣ ಕೊಟ್ಟು ತೆಗೆಸಿದವರು. ಬೇರೆ ಥರ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಅದು ಬದಲಾಗುತ್ತದೆ. ಯಾರೂ ಕೇಳದೆ, ತನ್ನ ಸಂತೋಷಕ್ಕೆ ತೆಗೆದ ಚಿತ್ರದ ಹಕ್ಕು ತೆಗೆದವನದು.

ಹವ್ಯಾಸ ಎಲ್ಲಿ ಮುಗಿಯುತ್ತದೆ, ಕಸುಬು ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಕಾನೂನು ನಮ್ಮ ಹುಡುಗನ ಜೇಬಿನ ಹತ್ತು ರೂಪಾಯಿಯ ಹತ್ತಿರವೇ ಎಳೆದಿದೆ ಎಂದು ನನಗನ್ನಿಸುತ್ತದೆ. ನಿಮ್ಮ ಮನೆಯ ಮದುವೆಯ ಚಿತ್ರ ಜಾಹೀರಾತಾಗಿ ಬಳಕೆಯಾಗಬಾರದು ಎಂದಿದ್ದರೆ ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಬಳಸಬೇಕೆಂದಿರುವ ಫೋಟೊಗ್ರಾಫರುಗಳೂ ಬರೆಸಿಕೊಳ್ಳುವುದು ಕ್ಷೇಮ.

ಕೊನೆಗೆ ಬರುವ ಆರ್ಡರ್

ಸಣ್ಣ ಊರಿನ ಸ್ಟುಡಿಯೊಗಳಿಗೆ ಇವತ್ತಿಗೂ ತಪ್ಪದ ಒಂದು ಆರ್ಡರ್ ಇದೆ. ತಲೆ ಬೋಳಿಸಿಕೊಂಡ ಮಗ ಬೆಳಿಗ್ಗೆಯೇ ಬಂದು, ಬಟ್ಟೆಯಲ್ಲಿ ಸುತ್ತಿದ ಹಳೆಯ ಗ್ರೂಪ್ ಫೋಟೊ ಬಿಚ್ಚುತ್ತಾನೆ. ‘ಹಿಂದಿನ ಸಾಲಲ್ಲಿ ಎಡದಿಂದ ಮೂರನೆಯವರು ನಮ್ಮಪ್ಪ. ಇವರೊಬ್ಬರದೇ ದೊಡ್ಡದು ಮಾಡಿಕೊಡಿ, ನಾಡಿದ್ದು ವೈಕುಂಠ ಸಮಾರಾಧನೆ.’ ಉಗುರಿನಷ್ಟಿರುವ ಆ ಮುಖದಲ್ಲಿ ಒಂದು ಕಣ್ಣಿಗೆ ಮುಂದಿನವರ ರುಮಾಲು ಅಡ್ಡ ಬಂದಿರುತ್ತದೆ. ಸ್ಟುಡಿಯೊದವರು ರಾತ್ರಿಯಿಡೀ ಕೂತು ಇನ್ನೊಂದು ಕಣ್ಣನ್ನು ನೋಡಿ ಈ ಕಣ್ಣನ್ನು ಬರೆಯುತ್ತಾರೆ.

ಇಂಥ ಕೆಲಸಕ್ಕೆ ಹೆಚ್ಚು ಹಣ ಕೇಳಲು ಬಾಯಿ ಬರುವುದಿಲ್ಲ ಎಂದು ನನ್ನ ಪರಿಚಯದ ಹಿರಿಯರೊಬ್ಬರು ಹೇಳಿದರು. ಆ ಮನೆಯವರು ಎಂದೋ ಒಂದು ಸಲ ಅಪ್ಪನನ್ನು ಒಬ್ಬರನ್ನೇ ಕೂರಿಸಿ ಫೋಟೊ ತೆಗೆದಿದ್ದರೆ ಇದು ಬೇಕಿರಲಿಲ್ಲ ಎಂದೂ ಅಂದರು. ಎಲ್ಲರ ಕಿಸೆಯಲ್ಲೂ ಕ್ಯಾಮೆರಾ ಇರುವ ಈ ಕಾಲದಲ್ಲೂ ಅವರಿಗೆ ಆ ಆರ್ಡರ್ ಬರುವುದು ನಿಂತಿಲ್ಲ.

ದಸರಾ ರಜೆಗೆ ಮಕ್ಕಳು ಅಜ್ಜಿಯ ಮನೆಗೆ ಹೋಗುವಾಗ ಮೊಬೈಲ್ ಹೇಗೂ ಕೊಡುತ್ತೀರಿ. ಹನ್ನೆರಡೇ ಫೋಟೊ ತೆಗೆಯಲು ಹೇಳಿ ನೋಡಿ, ಅದರಲ್ಲೊಂದು ಅಜ್ಜಿಯದು, ಒಬ್ಬರದೇ, ಕಿಟಕಿಯ ಬೆಳಕಲ್ಲಿ. ಬಂದ ಮೇಲೆ ಊರಿನ ಸ್ಟುಡಿಯೊಗೆ ಮಗುವನ್ನೇ ಕರೆದುಕೊಂಡು ಹೋಗಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್ಲಿನಲ್ಲಿ ಹೆಸರು, ಇಸವಿ ಬರೆಸಿ. ಎರಡು ಕಾಪಿ ಹಾಕಿಸಿ. ಒಂದು ಅಜ್ಜಿಗೆ.